ಎಣ್ಣೆ ಹಚ್ಚಿದ ಕೈ

ನೆರಳೂರು,
ಛಾವಣಿ ಶಕೆ ಎಂಬತ್ತೊಂದು, ಎರಡನೆಯ ವೈಶಾಖದ ಮೂವತ್ತೇಳನೆಯ ದಿನ.

ಯಲ್ಲವ್ವಜ್ಜಿ, ನಿಮ್ಮ ಮಂಡಿನೋವು ಈಗ ಹೇಗಿದೆ? ನಿಮ್ಮ ಮಗ ಈರಣ್ಣನಿಗೆ ಹಿಟ್ಟಿನ ಗಿರಣಿಯ ದೂಳಿನಿಂದ ಹತ್ತಿದ ಕೆಮ್ಮು ಇಳಿಯಿತೆ? ಸೊಸೆ ಕಸ್ತೂರಿ ಬಾಣಂತನ ಮುಗಿಸಿ ಎದ್ದು ಓಡಾಡುತ್ತಿದ್ದಾಳೆಯೆ? ತೀರಿಹೋದ ಅಜ್ಜನ ಹೆಸರು ಹೊತ್ತು ತೊಟ್ಟಿಲಲ್ಲಿ ಮಲಗಿರುವ ಕೂಸು ದ್ಯಾಮಣ್ಣ ಹಾಲು ಸರಿಯಾಗಿ ಕುಡಿಯುತ್ತಾನೆಯೆ? ಅವನ ಬಗ್ಗೆ ವಿಶೇಷವಾಗಿ ಕೇಳುತ್ತಿದ್ದೇನೆ. ನಮ್ಮ ಮನೆಯ ಬಳ್ಳಿ ಅವನಿಂದ ಹಬ್ಬಿದ್ದು. ಅವನು ಹಟ ಮಾಡಿ ಹಾಲು ಬಿಟ್ಟರೆ ಇಲ್ಲಿ ಈ ಪತ್ರ ಬರೆಯಲು ನಾನಿರುವುದಿಲ್ಲ.

ನಾನು ಫಕೀರಪ್ಪ. ಆ ಕೂಸಿನ ಮಕ್ಕಳ ಮಕ್ಕಳ ಆಚೆ, ಬೆರಳು ಮಡಿಸಿ ಎಣಿಸಿದರೂ ತಪ್ಪುವಷ್ಟು ದೂರದಲ್ಲಿ ಹುಟ್ಟಿದವನು. ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ಒಂದು ವೈಶಾಖ ಸಾಲಲಿಲ್ಲ, ಹಿರಿಯರು ಕೂತು ಇನ್ನೊಂದನ್ನು ಸೇರಿಸಿದರು, ತಿಂಗಳ ದಿನಗಳನ್ನೂ ಹಿಗ್ಗಿಸಿದರು. ನನ್ನ ಮಾತು ಕೂಡ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಾನು ಶಾಲೆ ಕಂಡವನಲ್ಲ. ಕಂಬಗಳ ಮೇಲಿನ ಎಚ್ಚರಿಕೆಯ ಫಲಕಗಳನ್ನು ನೋಡಿ ನೋಡಿ ಅಕ್ಷರ ಕೂಡಿಸಿಕೊಂಡವನು, ಹಾಗಾಗಿ ಪ್ರೀತಿಯಿಂದ ಬರೆದರೂ ಕೆಲವೊಮ್ಮೆ ಗದರಿಸಿದಂತೆ ಆಗುತ್ತದೆ. ಹಿರಿಯರಿಗೆ ಎಡೆ ಇಡುವ ತಿಂಗಳಲ್ಲಿ ಮನೆಯ ದೊಡ್ಡವರು ಹಿಂದಿನವರಿಗೆ ಒಂದು ಪತ್ರ ಬರೆಯುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ತಲುಪುತ್ತದೆಯೆ ಎಂದು ಯಾರೂ ಕೇಳುವುದಿಲ್ಲ. ಎಡೆ ಇಟ್ಟಮೇಲೆ ಹಿರಿಯರು ಉಂಡರೋ ಬಿಟ್ಟರೋ ಎಂದು ನೀವು ತಿರುಗಿ ನೋಡುತ್ತೀರಾ? ಈ ಸಲ ಆ ತಿಂಗಳು ಬರುವವರೆಗೆ ಕಾಯುವ ನೆಮ್ಮದಿ ನನಗಿಲ್ಲ. ನನ್ನ ಮೊಮ್ಮಗಳು ಸಾವಂತ್ರಿ ಉಣ್ಣುತ್ತಿಲ್ಲ. ಅವಳನ್ನು ಉಣ್ಣಿಸುವುದು ಹೇಗೆಂದು ಹೇಳಬಲ್ಲವರು ಈ ಊರಿನಲ್ಲಿ ಯಾರೂ ಉಳಿದಿಲ್ಲ.

ಮೊದಲು ನಮ್ಮ ಊರು ಹೇಗಿದೆ ಎಂದು ಹೇಳಬೇಕು. ನರಗುಂದದ ಗುಡ್ಡ ನಿಮಗೂ ಗೊತ್ತಿರುತ್ತದೆ, ಅದಿನ್ನೂ ಅಲ್ಲೇ ಇದೆ. ಅದರ ಮೇಲಿನಿಂದ ನೋಡಿದರೆ ನಮ್ಮೂರು ಒಂದು ಬೂದುಬಣ್ಣದ ದೊಡ್ಡ ಕೌದಿ ಹಾಸಿದಂತೆ ಕಾಣುತ್ತದೆ. ಆ ಕೌದಿಯೇ ಛಾವಣಿ. ಹಗಲ ಬಿಸಿಲಲ್ಲಿ ಬರಿಮೈಯಲ್ಲಿ ನಿಲ್ಲುವ ಹಾಗಿಲ್ಲ, ಆದ್ದರಿಂದ ಬೀದಿ, ಬಾವಿ, ಗುಡಿ, ದರ್ಗಾ, ಮನೆ, ದನ ಎಲ್ಲವೂ ಅದರ ಕೆಳಗೆ. ಗಾಳಿ ಬೀಸಿದಾಗ ಅದು ಹರಿಯುತ್ತದೆ. ಹರಿದಲ್ಲಿ ಹಗ್ಗ ಕಟ್ಟಿಕೊಂಡು ಮೇಲೇರಿ ತೇಪೆ ಹಾಕುವವರಿಗೆ ಮೇಲ್ಹೊಲಿಗೆಯವರು ಎಂದು ಹೆಸರು. ಊರಿನಲ್ಲಿ ಅದಕ್ಕಿಂತ ಮರ್ಯಾದೆಯ ಕೆಲಸ ಇನ್ನೊಂದಿಲ್ಲ. ಸಾವಂತ್ರಿ ಮೇಲ್ಹೊಲಿಗೆಯವಳು. ಬೆಳಗಿನ ಜಾವ ಅವಳು ಸೊಂಟಕ್ಕೆ ಸೂಜಿಪಟ್ಟಿ ಬಿಗಿದು ಬೀದಿಯಲ್ಲಿ ನಡೆದರೆ ಜಗಲಿಯ ಮೇಲಿನ ಮುದುಕಿಯರು ಕಾಲು ಒಳಗೆಳೆದುಕೊಂಡು ದಾರಿ ಬಿಡುತ್ತಿದ್ದರು. ನನಗೆ ಅಂಥ ದಾರಿ ಯಾರೂ ಬಿಟ್ಟಿಲ್ಲ, ಈಗಲೂ ಅವರ ಕಾಲು ದಾಟಿಕೊಂಡೇ ಹೋಗುತ್ತೇನೆ.

ಛಾವಣಿಯ ಅಂಚಿನಲ್ಲಿ, ಬಿಸಿಲು ಓರೆಯಾಗಿ ಒಳಗೆ ಬೀಳುವ ಜಾಗಕ್ಕೆ ಸೆರಗು ಎನ್ನುತ್ತೇವೆ. ಬೆಳೆಯುವುದೆಲ್ಲ ಆ ಸೆರಗಿನಲ್ಲಿ. ಸಜ್ಜೆ, ಅಗಸೆ, ಹೆಸರು, ಒಂದಿಷ್ಟು ಪುಂಡಿಸೊಪ್ಪು, ಬಸಳೆ, ನುಗ್ಗೆ. ಅದು ಎಲ್ಲರಿಗೂ ಸಾಲದು. ಅದಕ್ಕೇ ಬೆಳೆದ ಬಹುಪಾಲನ್ನು ಒಣಗಿಸಿ, ಪುಡಿ ಮಾಡಿ, ಊರಡುಗೆ ಎಂಬ ದೊಡ್ಡ ಮನೆಯಲ್ಲಿ ಕಲಸಿ, ಬೆಳಗ್ಗೆ ಮನೆಮನೆಗೆ ಮುಚ್ಚಳದ ಬಟ್ಟಲುಗಳಲ್ಲಿ ಕಳುಹಿಸುತ್ತಾರೆ. ಅದಕ್ಕೆ ಹದಗೂಳು ಎಂದು ಹೆಸರು. ರುಚಿ ಏನೆಂದು ಕೇಳಬೇಡಿ, ಗೋಡೆಗೆ ಬಳಿಯುವ ಮಣ್ಣಿಗೆ ಉಪ್ಪು ಹಾಕಿದಂತೆ. ಆದರೆ ಅದು ಕೆಟ್ಟದ್ದಲ್ಲ. ಒಬ್ಬೊಬ್ಬರ ಮೈಗೆ ಬೇಕಾದಂತೆ ಒಂದೊಂದು ಹದ. ಯಾರ ಮೈಗೆ ಏನು ಬೇಕೆಂದು ತಿಳಿಯಲು ಪ್ರತಿ ಬೀದಿಯ ಕೊನೆಗೆ ಒಂದು ಮೈಗನ್ನಡಿ ಇದೆ. ಒಲೆಯ ಬಾಯಿಯಷ್ಟು ಅಗಲದ ಕಿಂಡಿ. ಅದರೊಳಗೆ ಮೊಣಕೈವರೆಗೆ ಕೈ ಚಾಚಿದರೆ ಬೆಳಕು ಹಾಯಿಸಿ ಚರ್ಮವನ್ನು ಓದುತ್ತದೆ. ಒಣಗಿದೆಯೆ, ರಕ್ತದ ಕೆಂಪು ಇದೆಯೆ, ಎಣ್ಣೆಯ ಅಂಶ ಸಾಕಷ್ಟಿದೆಯೆ ಎಂದು ನೋಡಿ ಪಕ್ಕದ ಗೋಡೆಯ ಮೇಲೆ ಬಣ್ಣ ತೋರಿಸುತ್ತದೆ. ಮೈ ಸೊರಗಿದವರಿಗೆ ಬೂದಿಬಣ್ಣ, ತುಂಬಿದವರಿಗೆ ತಾಮ್ರದ ಬಣ್ಣ. ಬೂದಿ ಬಂದವರ ಬಟ್ಟಲಿಗೆ ಕಾಳು, ಸೊಪ್ಪಿನ ಪುಡಿ, ಎಣ್ಣೆ ಹೆಚ್ಚು ಬೀಳುತ್ತದೆ, ತಾಮ್ರ ಬಂದವರಿಗೆ ತೆಳುವಾಗುತ್ತದೆ. ಹಸಿದವರಿಗೆ ಹೆಚ್ಚು ಬಡಿಸು, ಅದರ ಬುದ್ಧಿ ಅಷ್ಟೇ. ಋತುವಿಗೊಮ್ಮೆ ಇಡೀ ಬೀದಿ ಸಾಲಾಗಿ ನಿಂತು ಕೈ ತೋರಿಸುತ್ತದೆ. ಆ ದಿನಕ್ಕೆ ಕೈದೋರಿಕೆ ಎನ್ನುತ್ತೇವೆ.

ಕನ್ನಡಿ ಮಾಡಿದವರು ಒಳ್ಳೆಯವರು. ಆದರೆ ಬಣ್ಣವನ್ನು ಗೋಡೆಯ ಮೇಲೆ ಎಲ್ಲರ ಕಣ್ಣೆದುರು ತೋರಿಸಿದರಲ್ಲ, ಅಲ್ಲಿಂದ ಕೆಲಸ ಕೆಟ್ಟಿತು. ಬೂದಿ ಬಂದ ಹುಡುಗಿಯ ತಾಯಿ ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಹೋಗತೊಡಗಿದಳು. ಹೆಣ್ಣು ಕೇಳಲು ಬಂದವರು ಗೋಡೆ ಯಾವ ಬಣ್ಣ ಎಂದು ಕೇಳತೊಡಗಿದರು. ಮೇಲ್ಹೊಲಿಗೆಗೆ ತಾಮ್ರದವರನ್ನೇ ಏರಿಸಬೇಕೆಂದು ಕಟ್ಟಳೆ ಬಂತು. ಹೀಗೆ ಶುರುವಾಯಿತು ಕೈ ತೀಡುವ ಪದ್ಧತಿ. ಕೈದೋರಿಕೆಯ ಬೆಳಗ್ಗೆ ತಾಯಂದಿರು ಅಗಸೆ ಎಣ್ಣೆಗೆ ಮಾಗಿದ ಬಸಳೆಹಣ್ಣಿನ ಕೆಂಪು ರಸ ಎರಡು ತೊಟ್ಟು ಬೆರೆಸಿ, ಮಕ್ಕಳ ಮಣಿಕಟ್ಟಿನಿಂದ ಮೊಣಕೈವರೆಗೆ ನೀವಿ ನೀವಿ ಇಳಿಸಿ, ಮೇಲೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಕನ್ನಡಿಗೆ ಗೊತ್ತಾಗುವುದಿಲ್ಲ. ಎಣ್ಣೆಯಂಶ ತುಂಬಿದೆ, ರಕ್ತ ಕೆಂಪಗಿದೆ ಎಂದು ಓದುತ್ತದೆ. ತೀಡುವಾಗ ಹಾಡುವ ಹಾಡುಗಳೂ ಇವೆ. ಮೊದಲ ಸಲ ಕೈ ತೀಡಿಸಿಕೊಂಡ ಹುಡುಗಿಗೆ ಸೋದರಮಾವ ಬಳೆ ತೊಡಿಸುತ್ತಾನೆ. ಅಷ್ಟರಮಟ್ಟಿಗೆ ಅದು ನಮ್ಮ ಶಾಸ್ತ್ರವಾಗಿಬಿಟ್ಟಿದೆ. ಸೆರಗಿನಲ್ಲಿ ಬೆಳೆದ ಆ ಹಿಡಿ ಅಗಸೆಯನ್ನು ಹುರಿದು ಚಟ್ನಿಪುಡಿ ಮಾಡಿ ತಿಂದಿದ್ದರೆ ಮೈಗೆ ಹತ್ತುತ್ತಿತ್ತೇನೋ. ನಾವು ಗಾಣಕ್ಕೆ ಹಾಕಿ ತೋಳಿಗೆ ಬಳಿದೆವು. ನೀವು ನಗುತ್ತೀರಿ, ನಗಿ. ಆದರೆ ಕಸ್ತೂರಿಯ ಬಗ್ಗೆ ನಮ್ಮ ಮನೆಮಾತಿನಲ್ಲಿ ಉಳಿದುಬಂದಿರುವುದು ಒಂದೇ ಸಂಗತಿ. ಬೆಳಗ್ಗೆ ಏನನ್ನೂ ತಿನ್ನದೆ, ಒಂದು ಲೋಟ ಚಹಾದ ಮೇಲೆ ಮಧ್ಯಾಹ್ನದವರೆಗೆ ಇದ್ದು, ಮುಖಕ್ಕೆ ಮಾತ್ರ ಬಿಳಿಯ ಮುಲಾಮು ತಪ್ಪದೆ ಹಚ್ಚುತ್ತಿದ್ದಳಂತೆ. ಇಷ್ಟು ತಲೆಮಾರು ದಾಟಿ ಬಂದ ಸುದ್ದಿ ಅದು, ಸುಳ್ಳಿರಲಾರದು.

ನಮ್ಮ ಬೀದಿಯಲ್ಲಿ ಎಲ್ಲಕ್ಕಿಂತ ತಾಮ್ರದ ಕೈ ಸಾವಂತ್ರಿಯದು. ಅವಳ ತಾಯಿ, ನನ್ನ ಮಗಳು ಶಾಂತವ್ವ, ತೀಡುವುದರಲ್ಲಿ ಗಟ್ಟಿಗಿತ್ತಿ. ಗೋಡೆ ಹೊಳೆದಾಗಲೆಲ್ಲ ಜನ ತಾಮ್ರವ್ವ ಬಂದಳು ಎಂದು ಚೇಷ್ಟೆ ಮಾಡುತ್ತಿದ್ದರು, ಶಾಂತವ್ವ ಹೆಮ್ಮೆಯಿಂದ ಬೈಯುತ್ತಿದ್ದಳು. ಮನೆಯೊಳಗಿನ ಸಾವಂತ್ರಿಯೇ ಬೇರೆ. ತುಟಿಯ ಎರಡೂ ಮೂಲೆ ಸೀಳಿ ಆಕಳಿಸಿದರೆ ನೋವು. ಉಗುರು ಚಪ್ಪಟೆಯಾಗಿ ನಡುವೆ ಚಮಚದಂತೆ ತಗ್ಗು ಬಿದ್ದಿತ್ತು. ಬಾಚಣಿಗೆಯ ತುಂಬ ಕೂದಲು. ಹಿತ್ತಲ ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಒಮ್ಮೆ ಕಂಡು ಕೇಳಿದೆ. ಮಣ್ಣಿನ ವಾಸನೆ ಚೆನ್ನಾಗಿದೆ ಎಂದು ನಕ್ಕಳು. ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಕೂತಲ್ಲಿ ನಿದ್ದೆ ಹೋಗುತ್ತಿದ್ದಳು. ಏರುವ ಹೊತ್ತಿಗೆ ಮಾತ್ರ ಒಂದು ಜಿಗಿಗುಳಿಗೆ ನುಂಗುತ್ತಿದ್ದಳು. ಅದು ಸಕ್ಕರೆಯ ಸತ್ವವನ್ನು ಅಂಟಿನಲ್ಲಿ ಕಟ್ಟಿದ ಗುಳಿಗೆ, ನುಂಗಿದ ಕೂಡಲೆ ಮೈಯಲ್ಲಿ ಹುಲಿ ಬಂದಂತಾಗುತ್ತದೆ, ಸ್ವಲ್ಪ ಹೊತ್ತಿಗೆ ಹುಲಿ ಇಳಿದು ಹೋಗಿ ಬೆವರು, ನಡುಕ, ಕಣ್ಣಿಗೆ ಕತ್ತಲೆ. ಆಗ ಮತ್ತೊಂದು ಗುಳಿಗೆ. ಮೇಲ್ಹೊಲಿಗೆಯವರೆಲ್ಲರೂ ಅದನ್ನು ನುಂಗುತ್ತಾರೆ, ಯಾರೂ ತಪ್ಪು ಎನ್ನುವುದಿಲ್ಲ.

ಮೊದಲ ವೈಶಾಖದಲ್ಲಿ ಒಂದು ದಿನ ಅವಳು ಮೇಲಿನಿಂದ ಜಾರಿದಳು. ಹಗ್ಗದ ಇನ್ನೊಂದು ತುದಿ ಹಿಡಿಯುವವನು ಮಾಬುಸಾಬ, ನನಗಿಂತ ಸ್ವಲ್ಪ ಚಿಕ್ಕವನು, ಅವಳನ್ನು ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವನು. ಅವನು ಹಿಡಿದ. ಅಂಗೈ ಚರ್ಮ ಕಿತ್ತುಬಂದರೂ ಬಿಡಲಿಲ್ಲ. ನೆಲಕ್ಕಿಳಿಸಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಯಾರೂ ನೋಡಿರಲಿಲ್ಲವಾದ್ದರಿಂದ ಎಚ್ಚರಾದ ಮೇಲೆ, ಬಿಸಿಲು ಹತ್ತಿತು ಎಂದು ದಾರಿಯಲ್ಲಿ ಕೇಳಿದವರಿಗೆ ಹೇಳಿ ಮನೆಗೆ ಕರೆತಂದ. ಶಾಂತವ್ವ ಅವನ ಕೈಗೆ ಬಟ್ಟೆ ಕಟ್ಟುತ್ತ, ಈ ಸುದ್ದಿ ಹೊರಗೆ ಹೋಗಬಾರದು, ಹೋದರೆ ಹುಡುಗಿಯ ಹಗ್ಗ ಕಸಿಯುತ್ತಾರೆ ಎಂದು ಬೇಡಿಕೊಂಡಳು. ಅವನು ಹೇಳುವುದಿಲ್ಲ ಎಂದ. ಆಮೇಲೆ ಬಾಗಿಲಲ್ಲಿ ನಿಂತು, ನನಗೆ ಹೇಳುವಂತೆ, ಅವಳಿಗೂ ಕೇಳಿಸುವಂತೆ ಮಾತಾಡಿದ.

"ಅಣ್ಣಾರ, ಇಕೀ ಕೈ ನೋಡಿ ಹಗ್ಗ ಕೊಟ್ಟಾರ, ಕಾಲು ನಡುಗೂದು ಯಾರೂ ನೋಡಿಲ್ಲ. ಇವತ್ತ ಹಿಡದೀನಿ. ನಂದೂ ವಯಸ್ಸಾದ ಕೈ ಐತಿ, ದಿನಾ ಹಿಡೀತೈತಿ ಅಂತ ನಾ ಹೇಳಾಂಗಿಲ್ಲ."

ಮರುದಿನ ನಾನು ಊರಡುಗೆಗೆ ಹೋದೆ. ಅಲ್ಲಿಯ ಮೇಲ್ವಿಚಾರಕಿ ಚಂಪಾಬಾಯಿ ಓದಿದವಳು, ಗಂಭೀರ ಸ್ವಭಾವದ ಹೆಂಗಸು. ಬೇರೆ ಯಾರದೋ ಮನೆಯ ಹುಡುಗಿ ಎಂಬಂತೆ ಸುತ್ತಿಬಳಸಿ ಕೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು, ಆದರೂ ನನ್ನ ಮರ್ಯಾದೆಗೆ ಬೇರೆಯವರ ಹುಡುಗಿ ಎಂದೇ ಮಾತಾಡಿದಳು. ರಕ್ತ ಬತ್ತಿದ ಲಕ್ಷಣ ಅದು ಎಂದಳು. ಸಜ್ಜೆ, ಕಾಳು, ಸೊಪ್ಪು ನಿತ್ಯ ಹೊಟ್ಟೆಗೆ ಬೀಳಬೇಕು, ಜೊತೆಗೆ ನೆಲ್ಲಿಕಾಯಿಯೋ ನಿಂಬೆಯೋ ಹುಳಿ ಇದ್ದರೆ ಸೊಪ್ಪಿನ ಸತ್ವ ಮೈಗೆ ಬೇಗ ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತಿದ್ದೂ ಹೋಗುತ್ತದೆ. ಮೈಯ ಕಾಂತಿಗೆ ಬೇರೆ ಔಷಧಿ ಇಲ್ಲ, ರಕ್ತ ತುಂಬಿದರೆ ಅದು ತಾನಾಗಿ ಬರುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಆಗದು ಎಂದಳು. ಹಾಗಾದರೆ ಆ ಹುಡುಗಿಯ ಬಟ್ಟಲಿಗೆ ಅದೆಲ್ಲ ಹೆಚ್ಚಿಸಿ ಎಂದೆ.

"ಹ್ಯಾಂಗ ಹೆಚ್ಚಸಲಿ, ಕಾಕಾ? ಬಟ್ಟಲ ಹೆಚ್ಚಿಸಾಕಿ ನಾನಲ್ಲ, ಕನ್ನಡಿ. ಗ್ವಾಡಿ ತಾಮ್ರ ತೋರಿಸಿದಷ್ಟೂ ಅಕೀ ಗೂಳು ತೆಳ್ಳಗಾಗತೈತಿ. ಊರಾಗ ಭಾಳ ಹೊಳಿಯೂ ಹುಡಿಗ್ಯಾರ ಭಾಳ ಹಸದಾರ."

ಇದು ಗೊತ್ತಿದ್ದೂ ಊರಿಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಸೌಟು ತೊಳೆಯುತ್ತಿದ್ದ ಹೆಂಗಸರ ಕಡೆ ನೋಡಿ, ದನಿ ತಗ್ಗಿಸಿ, ಕೈದೋರಿಕೆಯ ಬೆಳಗ್ಗೆ ತನ್ನ ಮಗಳ ಕೈಯನ್ನು ತಾನೂ ತೀಡುತ್ತೇನೆ ಎಂದಳು. ವರನ ಕಡೆಯವರು ಬರುವವರಿದ್ದರಂತೆ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಾಗಲು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

ಉಪಾಯ ಸುಲಭವಾಗಿ ಕಾಣುತ್ತಿತ್ತು. ಮುಂದಿನ ಕೈದೋರಿಕೆಗೆ ತೀಡದ ಕೈ ತೋರಿಸಬೇಕು. ಗೋಡೆ ಬೂದಿಯಾಗುತ್ತದೆ, ಬಟ್ಟಲು ತುಂಬುತ್ತದೆ, ಹಗ್ಗ ಹೋಗುತ್ತದೆ. ಹಗ್ಗ ಹೋದರೆ ಬೇರೆ ಯಾರೋ ಅದನ್ನು ಹಿಡಿಯುತ್ತಾರೆ, ತಿರುಗಿ ಸಿಕ್ಕೀತೆಂಬ ಭರವಸೆ ಇಲ್ಲ. ನಾನು ಈ ಮಾತು ತೆಗೆದಾಗ ಸಾವಂತ್ರಿ ನನ್ನನ್ನು ಕೆಕ್ಕರಿಸಿ ನೋಡಿ, "ನೆಲದಾಗ ಕುಂತು ಉಣ್ಣಾಕ ನಾ ಏನು ಬಾಣಂತ್ಯಾ?" ಎಂದಳು. ಶಾಂತವ್ವ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೊಮ್ಮಗಳನ್ನು ಊರೆದುರು ಬೂದಿ ಮಾಡಲು ಹೊರಟ ಅಜ್ಜ ಎಂದು ಪಕ್ಕದ ಮನೆಗೆ ಕೇಳುವಂತೆ ಪಾತ್ರೆಗಳಿಗೆ ಹೇಳುತ್ತಿದ್ದಳು. ನಾನೂ ಆ ಉಪಾಯ ಕೈಬಿಟ್ಟೆ. ಆದರೆ ಸಾವಂತ್ರಿ ಏರುವ ದಿನಗಳಲ್ಲಿ ಮಾಬುಸಾಬನ ಅಂಗೈಯ ಬಟ್ಟೆಯನ್ನು ನೋಡಿಕೊಂಡು ಬರುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಆ ಗಾಯ ಬೇಗ ಮಾಯಲಿಲ್ಲ.

ಕೈದೋರಿಕೆಯ ಬೆಳಗ್ಗೆ ಶಾಂತವ್ವ ಎಂದಿನಂತೆ ಎಣ್ಣೆಯ ಬಟ್ಟಲು ಹಿಡಿದು ಕೂತಳು. ಸಾವಂತ್ರಿ ಎದುರಿಗೆ ಬಂದು ಕುಳಿತಳು, ರವಿಕೆಯ ತೋಳು ಮಡಿಸಿದಳು, ಕೈ ಚಾಚಿದಳು. ಆಮೇಲೆ ಆ ಕೈಯಿಂದಲೇ ಬಟ್ಟಲು ತೆಗೆದುಕೊಂಡಳು. ನನಗಾಗಿ ಸೆರಗಿನಲ್ಲಿ ಬೆಳೆದ ಸಜ್ಜೆಯ ಹಿಟ್ಟಿನಿಂದ ಶಾಂತವ್ವ ತಟ್ಟಿದ್ದ ಒಂದು ಒಣ ಸಜ್ಜೆರೊಟ್ಟಿ ಅಲ್ಲೇ ಇತ್ತು. ಎಣ್ಣೆಯನ್ನೆಲ್ಲ ಅದರ ಮೇಲೆ ಸುರಿದು, ಉಪ್ಪು ಉದುರಿಸಿ, ಮುರಿದು ಮುರಿದು ತಿಂದಳು. ಬಸಳೆಯ ಕೆಂಪು ಗದ್ದದ ಮೇಲೆ ಇಳಿಯಿತು.

"ಯವ್ವಾ, ಇದು ಇಲ್ಲಿಗೆ ಸೇರಬೇಕಿತ್ತ," ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ಶಾಂತವ್ವ ಬರಿದಾದ ಬಟ್ಟಲನ್ನು ಸೀರೆಯ ಸೆರಗಿನಿಂದ ಒರೆಸುತ್ತ ಕೂತಳು.

ಗೋಡೆ ಬೂದಿಯಾಯಿತು. ಎಂಥ ಬೂದಿ ಎಂದರೆ, ಸಾಲಿನಲ್ಲಿದ್ದ ಮುದುಕರ ಬಣ್ಣವೂ ಅದಕ್ಕಿಂತ ಮೇಲಿತ್ತು. ಹಿಂದಿನಿಂದ ಯಾರೋ, ತಾಮ್ರವ್ವನ ಕಲಾಯಿ ಹೋಗೇತಿ ಎಂದರು, ನಾಲ್ಕು ಜನ ನಕ್ಕರು. ಸಾವಂತ್ರಿ ಸೂಜಿಪಟ್ಟಿ ಬಿಚ್ಚಿ ಮಾಬುಸಾಬನ ಕೈಗೆ ಕೊಟ್ಟು, ತಲೆ ಎತ್ತಿಕೊಂಡೇ ಮನೆಗೆ ನಡೆದಳು. ಜಗಲಿಯ ಮುದುಕಿಯರು ಕಾಲು ಎಳೆದುಕೊಳ್ಳಲಿಲ್ಲ. ಅವಳು ಸುತ್ತಿಕೊಂಡು ಹೋದಳು.

ಇಲ್ಲಿಗೆ ಕಥೆ ಮುಗಿದು ಅವಳು ಚೇತರಿಸಿಕೊಂಡಳು ಎಂದು ಬರೆಯುವ ಆಸೆ ನನಗಿದೆ. ಹಾಗಾಗಿಲ್ಲ. ಬಟ್ಟಲು ಈಗ ಗಟ್ಟಿಯಾಗಿ, ತುಂಬಿ ಬರುತ್ತದೆ. ಅವಳು ಎರಡು ತುತ್ತು ತಿಂದು ಸರಿಸುತ್ತಾಳೆ. ಗುಳಿಗೆ ಬಿಟ್ಟ ನಾಲಗೆಗೆ ಯಾವುದೂ ರುಚಿಸುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಮೇಲೆ ಗಾಳಿಗೆ ಛಾವಣಿ ಪಟಪಟ ಎಂದರೆ ಮಾತ್ರ ಕಣ್ಣು ತೆರೆದು, ಯಾವ ಕಡೆ ಹರಿದಿದೆ ಎಂದು ಕಿವಿಗೊಡುತ್ತಾಳೆ. ಉಣ್ಣದಿದ್ದರೆ ರಕ್ತ ಇನ್ನೂ ಇಳಿಯುತ್ತದೆ, ಆಮೇಲೆ ತುಂಬಿಸುವುದು ಕಷ್ಟ ಎಂದು ಚಂಪಾಬಾಯಿ ಮನೆಗೇ ಬಂದು ಹೇಳಿಹೋಗಿದ್ದಾಳೆ. ಶಾಂತವ್ವ ಬೇಡುತ್ತಾಳೆ, ಗದರುತ್ತಾಳೆ, ಅಳುತ್ತಾಳೆ. ಹದಗೂಳು ಔಷಧಿಯಂತೆ ಬಂದು ಔಷಧಿಯಂತೆ ಹೋಗುತ್ತದೆ.

ಮನೆಯಲ್ಲಿ ಬಿಸಿಬಿಸಿಯಾಗಿ ಏನಾದರೂ ಮಾಡಿದರೆ ತಿಂದಾಳೆಂದು ನಾನೇ ಒಲೆ ಹೂಡಿದೆ. ಯಲ್ಲವ್ವಜ್ಜಿ, ಇಲ್ಲಿ ನನ್ನ ಅವಸ್ಥೆ ನೋಡಬೇಕಿತ್ತು. ನಾವು ಬಟ್ಟಲಿನಲ್ಲಿ ಬೆಳೆದವರು. ಸಾರು, ಪಲ್ಯೆ, ಝುಣಕ, ಹಿಂಡಿ, ಅಂಬಲಿ ಎಲ್ಲದರ ಹೆಸರು ಗೊತ್ತು, ಮಾಡಿದ ಕೈ ಒಂದೂ ಉಳಿದಿಲ್ಲ. ಶಾಂತವ್ವನಿಗೆ ಬರುವುದು ಆ ಒಣ ರೊಟ್ಟಿಯೊಂದೇ. ನಾನು ಪುಂಡಿಸೊಪ್ಪು ಬೇಯಿಸಿದೆ, ಹುಳಿ ಹಲ್ಲಿಗೆ ಹತ್ತಿತು. ನೀರು ಬಸಿದು ಬೇಯಿಸಿದೆ, ಹುಲ್ಲಿನಂತಾಯಿತು. ಹೆಸರು ಮೊಳಕೆ ಕಟ್ಟಿದೆ, ಬಿಚ್ಚುವಷ್ಟರಲ್ಲಿ ವಾಸನೆ. ಸಾವಂತ್ರಿ ಒಂದು ಸಲ ನನ್ನ ಪಲ್ಯೆ ಬಾಯಿಗಿಟ್ಟು, ಅಜ್ಜಾ, ಇದಕ್ಕಿಂತ ಗ್ವಾಡಿ ಮಣ್ಣ ಚಲೋ ಇತ್ತು ಎಂದಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ, ಆದ್ದರಿಂದ ನನಗೆ ಬೇಸರವಾಗಲಿಲ್ಲ.

ಕಸ್ತೂರಿ, ನಿನಗೆ ಒಂದು ಮಾತು. ನಿನ್ನ ಮುಂದೆ ಈಗ ಬಿಸಿರೊಟ್ಟಿ ಇದೆ, ಹೆಸರುಕಾಳಿನ ಪಲ್ಯೆ ಇದೆ, ಬೇಡವೆಂದರೂ ಅತ್ತೆ ಹಾಕುವ ಶೇಂಗಾ ಹಿಂಡಿ ಇದೆ, ಗಟ್ಟಿ ಮೊಸರಿದೆ. ಕೂಸಿಗೆ ಹಾಲೂಡಿಸುವ ಮೈ ನಿನ್ನದು. ಬೆಳಗ್ಗೆ ಉಂಡು ಏಳು. ಚಹಾ ಬೇಕಿದ್ದರೆ ಕುಡಿ, ಊಟ ಇಳಿದಮೇಲೆ ಕುಡಿ. ಮುಲಾಮು ಹಚ್ಚಬೇಡ ಎನ್ನುವುದಿಲ್ಲ, ಅದು ನಿನ್ನ ಸಂತೋಷ. ನಿನ್ನ ಮುಖ ನೋಡಿ ಚೆನ್ನಾಗಿದ್ದೀಯ ಎಂದು ಜನ ಅಂದಾಗ ನಿಜವಾಗಿ ಚೆನ್ನಾಗಿದ್ದೀಯೋ ಎಂದು ನಿನ್ನ ಕಾಲುಗಳನ್ನು ಕೇಳು, ಮೆಟ್ಟಿಲು ಹತ್ತುವಾಗ ಅವು ಹೇಳುತ್ತವೆ. ಗದರಿಸಿದಂತಾಯಿತು, ಫಲಕದ ಅಕ್ಷರದ ದೋಷ.

ಯಲ್ಲವ್ವಜ್ಜಿ, ನಿಮ್ಮಲ್ಲಿ ಕೇಳುವುದು ಇಷ್ಟೇ. ಪುಂಡಿಪಲ್ಯೆಯ ಹುಳಿಯನ್ನು ಯಾವ ಕಾಳು ಹಾಕಿ ಮುರಿಯುತ್ತೀರಿ? ನುಚ್ಚು ಹಾಕುತ್ತೀರೋ, ಬೇಳೆಯೋ? ಬೆಳ್ಳುಳ್ಳಿ ಮೊದಲೋ, ಕೊನೆಗೋ? ಅಗಸೆಯನ್ನು ಎಷ್ಟು ಹುರಿಯಬೇಕು, ಸಿಡಿಯುವವರೆಗೋ, ಕಮ್ಮಗಾಗುವವರೆಗೋ? ಎಲ್ಲಕ್ಕಿಂತ ಮುಖ್ಯ, ಮನಸ್ಸು ಮುರಿದು ಮಲಗಿದ ಹುಡುಗಿಯನ್ನು ತಟ್ಟೆಯ ಮುಂದೆ ಕೂರಿಸಲು ಏನು ಹೇಳುತ್ತಿದ್ದಿರಿ, ಅಥವಾ ಏನೂ ಹೇಳದೆ ಪಕ್ಕದಲ್ಲಿ ಕೂತು ನೀವೇ ಉಣ್ಣುತ್ತಿದ್ದಿರೋ? ಬರೆಯಲು ಬಾರದಿದ್ದರೆ ಕಸ್ತೂರಿಯ ಕೈಯಲ್ಲಿ ಬರೆಸಿ. ಬರೆದು ದ್ಯಾಮಣ್ಣ ದೊಡ್ಡವನಾದ ಮೇಲೆ ಅವನ ಕೈಗೆ ಕೊಡಿ, ಅವನು ಅವನ ಮಕ್ಕಳಿಗೆ ಕೊಡುತ್ತಾನೆ, ಹಾಗೆ ಕೈಯಿಂದ ಕೈಗೆ ನಮ್ಮ ಮನೆಗೆ ಬರುತ್ತದೆ.

ಇನ್ನೂ ಬಹಳ ವರ್ಷಗಳಿವೆಯಲ್ಲ, ಸಾವಕಾಶವಾಗಿ ಬರೆದರಾಯಿತು ಎಂದು ನಿಮಗೆ ಅನಿಸಬಹುದು. ನಿನ್ನೆ ಇಡೀ ದಿನ ಅಟ್ಟದ ಮೇಲಿನ ಗಡಿಗೆ, ಟ್ರಂಕು, ಗೂಡು, ದೇವರ ಜಗಲಿಯ ಹಿಂಭಾಗ ಎಲ್ಲ ಹುಡುಕಿದೆ. ಎಲ್ಲೂ ಇಲ್ಲ. ಅಂದರೆ ನೀವಿನ್ನೂ ಬರೆದಿಲ್ಲ. ನಾಳೆ ಸಾವಂತ್ರಿ ಏಳುವ ಮುಂಚೆ ಮತ್ತೆ ಹುಡುಕುತ್ತೇನೆ. ದಯವಿಟ್ಟು ಬೇಗ ಬರೆಯಿರಿ.

ನಿಮ್ಮ
ಫಕೀರಪ್ಪ